ಭಾವವೂ ತಕ್ಕಡಿಯೂ

ಮನುಷ್ಯನ ಮನಸ್ಸಿನಲ್ಲಿ ಏಳುವ ಭಾವಗಳನ್ನು ಎಣಿಸಿ ಹೆಸರಿಡುವ ಕೆಲಸವು ಹೊಸದೇನೂ ಅಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸ್ಥಾಯಿಗಳು ೮, ಸಂಚಾರಿಗಳು ೩೩, ಸಾತ್ತ್ವಿಕಗಳು ೮, ಒಟ್ಟು ೪೯ ಭಾವಗಳು ಹೇಳಲ್ಪಟ್ಟಿವೆ. ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ನನಗೆ, ಮೊಮ್ಮಗಳ ಮೊಬೈಲಿನಲ್ಲಿ ಪುಟ್ಟ ಮುಖಗಳ ಸಾಲೊಂದನ್ನು ಕಂಡಾಗ ಕುತೂಹಲವುಂಟಾಯಿತು. ಫೇಸ್‌ಬುಕ್ಕಿನವರು ೨೦೧೬ನೆಯ ಫೆಬ್ರವರಿಯಲ್ಲಿ ಮೆಚ್ಚುಗೆಯ ಹೆಬ್ಬೆರಳಿನೊಡನೆ ಪ್ರೀತಿ, ನಗು, ಬೆರಗು, ದುಃಖ, ಕೋಪಗಳ ಗುರುತುಗಳನ್ನು ಸೇರಿಸಿದರಂತೆ. ರತಿ, ಹಾಸ, ವಿಸ್ಮಯ, ಶೋಕ, ಕ್ರೋಧ! ಭರತನ ಸ್ಥಾಯಿಗಳಲ್ಲಿ ಐದು ಇಲ್ಲಿ ಬಂದು ಕುಳಿತಿವೆ. ಉತ್ಸಾಹ, ಭಯ, ಜುಗುಪ್ಸೆಗಳಿಗೆ ಮಾತ್ರ ಎಡೆಯಿಲ್ಲ.

ಆದರೆ ಭರತನ ಎಣಿಕೆಯು ನಟನಿಗಾಗಿ, ಸಹೃದಯನ ಆನಂದಕ್ಕಾಗಿ. ಇಲ್ಲಿಯದಾದರೋ ಯಾರು, ಯಾವ ಗಳಿಗೆಯಲ್ಲಿ, ಯಾವುದನ್ನು ನೋಡಿ ಬೆರಳೊತ್ತಿದರೆಂಬುದೆಲ್ಲವೂ ಕಂಪನಿಯ ಲೆಕ್ಕಕ್ಕೆ ಸೇರುತ್ತದೆ. ಇದಕ್ಕೆ ಕನ್ನಡದಲ್ಲಿ ದತ್ತಾಂಶವೆಂಬ ಹೆಸರುಂಟು. ದತ್ತವೆಂದರೆ ಕೊಡಲ್ಪಟ್ಟದ್ದು, ಕೊಟ್ಟೆನೆಂಬ ಅರಿವು ಕೊಟ್ಟವನಿಗೇ ಇಲ್ಲದ ದಾನವಿದು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ರೈತನು ಹೊಗೆಸೊಪ್ಪನ್ನು ಬಣ್ಣ ನೋಡಿ, ಗುಣ ನೋಡಿ ಬೇರ್ಪಡಿಸಿ, ಬೇಲು ಕಟ್ಟಿ ಹರಾಜಿಗೆ ಒಯ್ಯುತ್ತಾನೆ. ಅವನಿಗೆ ತೂಕ ತಿಳಿದಿದೆ, ದರ ತಿಳಿದಿದೆ. ಒಪ್ಪದಿದ್ದರೆ ಬೇಲನ್ನು ಹಿಂದಕ್ಕೆ ತರಲೂ ಬಲ್ಲನು. ಭಾವದ ಬೆಳೆಗೆ ತೂಕವನ್ನು ಕಟ್ಟುವವರೂ ಅವರೇ, ಕೊಳ್ಳುವವರೂ ಅವರೇ.

ಆ ತೂಕವಾದರೂ ಎಂತಹುದು? ೨೦೧೭ರಿಂದ ಕೋಪವೂ ಸೇರಿದಂತೆ ಪ್ರತಿಯೊಂದು ಮುಖಕ್ಕೂ ಐದು ಹೆಬ್ಬೆರಳುಗಳ ಬೆಲೆಯನ್ನು ಕಟ್ಟಿದ್ದರೆಂದು, ಕಂಪನಿಯ ಒಳಕಾಗದಗಳು ೨೦೨೧ರಲ್ಲಿ ಹೊರಬಿದ್ದಾಗ ತಿಳಿಯಿತು. ಜನರನ್ನು ಕೆರಳಿಸಿದ ಬರಹವು ಹೀಗೆ ಇನ್ನಷ್ಟು ಜನರ ಕಣ್ಣಿಗೆ ಬಿತ್ತು. ೨೦೨೦ರಲ್ಲಿ ಕೋಪದ ಬೆಲೆಯನ್ನು ಸೊನ್ನೆಗೆ ಇಳಿಸಿದರು. ಇದಕ್ಕೂ ಹಿಂದೆ, ೨೦೧೨ನೆಯ ಜನವರಿಯಲ್ಲಿ ಒಂದು ವಾರ ೬,೮೯,೦೦೩ ಮಂದಿಯ ಮೇಲೆ ಪ್ರಯೋಗವೊಂದು ನಡೆದಿತ್ತು. ಕೆಲವರಿಗೆ ಸಂತೋಷದ ಬರಹಗಳನ್ನೂ ಕೆಲವರಿಗೆ ದುಃಖದ ಬರಹಗಳನ್ನೂ ಕಡಮೆಮಾಡಿ ತೋರಿಸಿ, ಅವರ ಮಾತು ಹೇಗೆ ಮಾರ್ಪಡುವುದೆಂದು ಎಣಿಸಿದರು. ಮಾರ್ಪಾಡು ಅತ್ಯಲ್ಪವೇ, ಆದರೂ ಇತ್ತು. ಆ ಮಂದಿಯನ್ನು ಪ್ರತ್ಯೇಕವಾಗಿ ಯಾರೂ ಕೇಳಿರಲಿಲ್ಲ. ೨೦೧೪ರಲ್ಲಿ ಪ್ರಬಂಧವು ಅಚ್ಚಾದ ಮೇಲೆಯೇ ಲೋಕವು ಅರಿಯಿತು. ಭಾವವನ್ನು ಅಳೆಯುವ ಕೈಯೇ ಭಾವವನ್ನು ತಿದ್ದಲೂ ಬಲ್ಲುದೆಂಬುದು ಇದರಿಂದ ವಿದಿತವಾಗುತ್ತದೆ.

ಆಲಂಕಾರಿಕರು ಭಾವವನ್ನೂ ಅನುಭಾವವನ್ನೂ ಬೇರೆ ಮಾಡಿದ್ದಾರೆ. ಒಳಗಿನ ಶೋಕವು ಭಾವ. ಹೊರಗೆ ತೋರುವ ನಿಟ್ಟುಸಿರು ಅನುಭಾವ. ಯಂತ್ರಕ್ಕೆ ಸಿಕ್ಕುವುದು ಎರಡನೆಯದು ಮಾತ್ರ. ಅದೂ ಬೆರಳಿನ ತುದಿಯಷ್ಟು. "ಭೇಷಾಯಿತಪ್ಪಾ ನಿನ್ನ ಕೆಲಸ!" ಎಂದರೆ ಹೊಗಳಿಕೆಯೋ ಬೈಗುಳವೋ ನಮ್ಮ ತಾಲ್ಲೂಕಿನ ಮಕ್ಕಳೂ ಬಲ್ಲರು, ಎಣಿಕೆಯ ಯಂತ್ರವು ತಡವರಿಸೀತು.

೨೦೨೩ನೆಯ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಅರ್ಜುನನು ಮಡಿದನು. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಆ ಗಜರಾಜನು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು. ಆ ದಿನಗಳಲ್ಲಿ ಮೊಬೈಲಿನ ತುಂಬ ಅಳುವ ಮುಖಗಳೇ. ಆ ಮರುಕವನ್ನು ನಾನು ಹುಸಿಯೆನ್ನಲಾರೆ. ನನ್ನ ಕಣ್ಣೂ ಒದ್ದೆಯಾಗಿತ್ತು. ನಾಡು ಯಾವುದಕ್ಕಾಗಿ ಮರುಗುತ್ತಿದೆಯೆಂಬುದನ್ನು ಆಳುವವರು ಅರಿಯುವುದು ಒಳ್ಳೆಯದೇ; ಅರ್ಜುನನಿಗೆ ಸ್ಮಾರಕವನ್ನು ಕಟ್ಟುವುದಾಗಿ ಸರ್ಕಾರವೂ ಘೋಷಿಸಿತು. ಆದರೂ ಆ ಲೆಕ್ಕದಲ್ಲಿ, ಬಸ್ಸಿಗೆ ಕಾಯುತ್ತ ಬೆರಳೊತ್ತಿದವನ ಶೋಕವು ಒಂದು. ಆನೆಯ ಕಳೇಬರದ ಬಳಿ ಗೋಳಾಡಿದ ಮಾವುತನು ಬೆರಳೊತ್ತದಿದ್ದರೆ ಅವನ ಶೋಕವು ಸೊನ್ನೆ.

ಎಣಿಸುವವರನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅವರ ಲೆಕ್ಕವನ್ನು ನಮ್ಮ ಮನಸ್ಸೆಂದು ನಾವೇ ನಂಬದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ನಮ್ಮ ಕಾಡಂಚಿನ ಊರುಗಳಲ್ಲಿ ಆನೆಯಿಂದಲೋ ಹುಲಿಯಿಂದಲೋ ಸಾವಾದ ಸುದ್ದಿ ಬಂದಾಗ, ಕೋಪದ ಮುಖವನ್ನೊತ್ತಿ ಕರ್ತವ್ಯವು ಮುಗಿಯಿತೆಂದು ತಿಳಿಯುವುದು ಸುಲಭ. ಆ ಮನೆಗೆ ಹೋಗಿ, ಜಗಲಿಯ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತು ಬರುವವನ ಭಾವವು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಮನೆಯವರಿಗೆ ಮಾತ್ರ ತಲುಪುತ್ತದೆ.