ಸರದಿ ಬರುವ ತನಕ

ಆಟಗಳಲ್ಲಿ ಎರಡು ಜಾತಿ. ಕೈ ಓಡಿದ ಹಾಗೆ ಆಡುವುದು ಒಂದು, ಸರದಿ ಬಂದಾಗ ಆಡುವುದು ಇನ್ನೊಂದು. ಚೆನ್ನೆಮಣೆ, ಚದುರಂಗ, ಪಗಡೆ ಎಲ್ಲ ಸರದಿಯವು. ಕಂಪ್ಯೂಟರಿನಲ್ಲೂ ಸರದಿಯ ಆಟಗಳಿವೆ ಎಂದು ನನಗೆ ಗೊತ್ತಾದದ್ದು ಮೊಮ್ಮಗನಿಂದ. ಒಂದು ದೊಡ್ಡ ನಕ್ಷೆ. ಅದರಲ್ಲಿ ನಾವು ಊರು ಕಟ್ಟಬೇಕು, ಗದ್ದೆ ಮಾಡಬೇಕು, ದಾರಿ ಹಾಕಬೇಕು, ಸೈನ್ಯ ಇಡಬೇಕು. ನಮ್ಮ ಕೆಲಸ ಮುಗಿಸಿ ಗುಂಡಿ ಒತ್ತಿದರೆ ಕಂಪ್ಯೂಟರಿನ ರಾಜರೆಲ್ಲ ಒಬ್ಬೊಬ್ಬರಾಗಿ ತಮ್ಮ ನಡೆ ನಡೆಸುತ್ತಾರೆ. ಆಮೇಲೆ ಪುನಃ ನಮ್ಮ ಸರದಿ. 1991ರಲ್ಲಿ ಸಿಡ್ ಮೈಯರ್ ಎಂಬವರು ತಂದ ‘ಸಿವಿಲೈಜೇಷನ್’ ಈ ಜಾತಿಯಲ್ಲಿ ಬಹಳ ಹೆಸರು ಮಾಡಿತು. ಮೊಮ್ಮಗ ಆಡುವುದೂ ಅದೇ ವಂಶದ ಒಂದು ಆಟ.

ಬೇಸಿಗೆ ರಜೆಯಲ್ಲಿ ಅವನು ಬೆಂಗಳೂರಿನಿಂದ ಯಡ್ತರೆಗೆ ಬಂದದ್ದು ಹನ್ನೆರಡೇ ದಿನಕ್ಕೆ. ಹೋದ ವರ್ಷ ಬಂದವನು ಚಾವಡಿಯ ಮೂಲೆಯಲ್ಲಿ ಮೊಬೈಲು ಹಿಡಿದು ಕೂತಲ್ಲಿಗೇ ರಜೆ ಮುಗಿದಿತ್ತು. ಈ ಸಲ ಲ್ಯಾಪ್‌ಟಾಪ್ ತಂದು ಜಗಲಿಯಲ್ಲಿ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡ. ಅವನಿಗೊಂದು ರಾಜ್ಯ, ನನಗೊಂದು ರಾಜ್ಯ, ಉಳಿದ ಹತ್ತು ಕಂಪ್ಯೂಟರಿನದ್ದು. ಮೊದಲೆರಡು ದಿನ ಭಾರೀ ಉಮೇದು. ನಾಲ್ಕನೇ ದಿನ ಇನ್ನೂರನೇ ಸರದಿಗೆ ಬರುವಾಗ ಗುಂಡಿ ಒತ್ತಿದ ಮೇಲೆ ಪರದೆಯ ಮೇಲೊಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

“ಅದ್ ಎಂತಕ್ಕೆ ತಿರ್ಗೂದಾ?” ಎಂದೆ.

“ಅವ್ರೆಲ್ಲಾ ಯೋಚನೆ ಮಾಡ್ತಿದ್ದಾರೆ ಅಜ್ಜ.”

ಹುಡುಗ ಆ ಹೊತ್ತಿಗೆ ಮೊಬೈಲು ತೆಗೆದ. ನಮ್ಮ ಸರದಿ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ, “ಅಜ್ಜ, ನಾನು ಹಡಗು ಎಲ್ಲಿಗೆ ಕಳಿಸ್ಬೇಕು ಅಂದ್ಕೊಂಡಿದ್ದೆ?” ಎಂದು ನನ್ನನ್ನೇ ಕೇಳಿದ. ಹೀಗೆ ಎರಡು ಊರು ಕಳಕೊಂಡ. ಸಂಜೆಗೆ “ಬೋರು ಅಜ್ಜ, ಬಿಟ್ಬಿಡೋಣ” ಎಂದ. ನನಗೆ ಅದು ಆಗುವ ಮಾತಲ್ಲ. ಇನ್ನು ಎಂಟು ದಿನವಿತ್ತು.

ಕೈಗಡಿಯಾರ ಹಿಡಿದು ನೋಡಿದೆ. ಒಂದು ಸರದಿಗೆ 48 ಸೆಕೆಂಡು. ಉಳಿದದ್ದು 250 ಸರದಿ. ಒಟ್ಟು 12,000 ಸೆಕೆಂಡು, ಅಂದರೆ 3 ಗಂಟೆ 20 ನಿಮಿಷ ಬರೀ ಚಕ್ರ ನೋಡುವುದು! ಬ್ಯಾಂಕಿನ ಕೌಂಟರಿನ ಎದುರು ಪಿತ್ತಳೆ ಟೋಕನ್ ಹಿಡಿದು ಕೂತವರಾದರೂ ಪಕ್ಕದವರ ಹತ್ತಿರ ಮಳೆ ಬೆಳೆ ಮಾತಾಡುತ್ತಿದ್ದರು.

ಯಂತ್ರಕ್ಕೆ ಯಾಕಿಷ್ಟು ಹೊತ್ತು? ಚದುರಂಗವನ್ನೇ ನೋಡಿ. ಮೊದಲ ನಡೆಗೆ ಬಿಳಿಯವನಿಗೆ 20 ದಾರಿ. ಕಪ್ಪಿನವನಿಗೂ 20. ಇಬ್ಬರೂ ಒಂದೊಂದು ನಡೆಸುವಷ್ಟರಲ್ಲಿ 400 ಬಗೆ. ಇಬ್ಬರೂ ಎರಡೆರಡು ನಡೆಸಿದರೆ 1,97,281! 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ‘ಡೀಪ್ ಬ್ಲೂ’ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತಂತೆ. ಹಾಗಿದ್ದೂ ಎಲ್ಲವನ್ನೂ ನೋಡಿ ಮುಗಿಸುವುದು ಅದರಿಂದಾಗುವ ಕೆಲಸವಲ್ಲ. ಹಾಗಾಗಿ ನೋಡಬೇಕಾಗಿಲ್ಲದ್ದನ್ನು ಬಿಡಬೇಕು. ಒಂದು ನಡೆಗೆ ಎದುರಾಳಿಯ ಒಂದೇ ಉತ್ತರದಿಂದ ನಮ್ಮ ಮಂತ್ರಿ ಸುಮ್ಮನೆ ಹೋಗುತ್ತಾನೆ ಎಂದು ಕಂಡರೆ ಸಾಕು, ಬೇರೆ ಇಪ್ಪತ್ತು ಉತ್ತರ ಹುಡುಕುವುದೇಕೆ? ಕಂಪ್ಯೂಟರಿನವರು ಇದಕ್ಕೆ ಕೊಂಬೆ ಸವರುವುದು ಎನ್ನುತ್ತಾರೆ.

ಇದು ನಮಗೆ ಹೊಸತಲ್ಲ. ಆಗೆಲ್ಲ ಉಳಿತಾಯ ಖಾತೆಗೆ ದಿನದ ಲೆಕ್ಕದ ಬಡ್ಡಿ ಇರಲಿಲ್ಲ. ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಬಡ್ಡಿ. ಲೆಜ್ಜರಿನಲ್ಲಿ ಒಂದು ಕಡೆ ಐವತ್ತು ರೂಪಾಯಿಗೆ ಇಳಿದದ್ದು ಕಂಡಿತೋ, ಅದಕ್ಕಿಂತ ದೊಡ್ಡ ಅಂಕೆಗಳ ಮೇಲೆ ಕಣ್ಣು ನಿಲ್ಲಬೇಕಾಗಿರಲಿಲ್ಲ. ಬಡ್ಡಿಯನ್ನೂ ಪ್ರತಿ ಸಲ ಗುಣಿಸುತ್ತಿರಲಿಲ್ಲ. ರೆಡಿ ರೆಕನರ್ ಎಂಬ ಕೋಷ್ಟಕದ ಪುಸ್ತಕ ತೆರೆದು ನೋಡಿ ಬರೆಯುತ್ತಿದ್ದೆವು. ಚದುರಂಗದ ಪ್ರೋಗ್ರಾಮುಗಳೂ ಒಮ್ಮೆ ಲೆಕ್ಕ ಹಾಕಿದ ಸ್ಥಿತಿಯನ್ನು ಬರೆದಿಟ್ಟುಕೊಂಡು, ಅದೇ ಸ್ಥಿತಿ ಬೇರೆ ದಾರಿಯಿಂದ ಬಂದಾಗ ತೆರೆದು ನೋಡುತ್ತವೆ. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೂ ದಿನದ ಲೆಕ್ಕ ಬಂತು. ಗ್ರಾಹಕರಿಗೆ ಅದೇ ನ್ಯಾಯ. ಆದರೆ ಲೆಜ್ಜರಿನ ಕಾಲದಲ್ಲಿ ಬಂದಿದ್ದರೆ ನಾವು ಮನೆಗೆ ಹೋಗುವುದೇ ಇರಲಿಲ್ಲ.

ನಕ್ಷೆಯ ಆಟದಲ್ಲಿ ಇನ್ನೊಂದು ತಾಪತ್ರಯ, ದಾರಿ ಹುಡುಕುವುದು. ಪ್ರತಿ ಸೈನಿಕನಿಗೂ ಪ್ರತಿ ಸರದಿಗೂ ಎಲ್ಲಿಂದ ಹೋದರೆ ಹತ್ತಿರ ಎಂದು ನೋಡಬೇಕು. ಯಡ್ತರೆಯಿಂದ ಕೊಲ್ಲೂರಿಗೆ ಹೊರಟವ ಶಿರೂರಿನ ದಾರಿಯನ್ನೂ ಮರವಂತೆಯ ದಾರಿಯನ್ನೂ ತುದಿಯವರೆಗೆ ನಡೆದು ನೋಡುತ್ತಾನೆಯೇ? ಘಟ್ಟದ ಕಡೆ ಮುಖ ಮಾಡುತ್ತಾನೆ. ಗುರಿ ಯಾವ ದಿಕ್ಕಿನಲ್ಲಿದೆ, ಇನ್ನೆಷ್ಟು ದೂರ ಇರಬಹುದು ಎಂದು ಅಂದಾಜು ಮಾಡಿ ಆ ಕಡೆಯ ದಾರಿಯನ್ನೇ ಮೊದಲು ಹುಡುಕುವ ಒಂದು ಉಪಾಯವನ್ನು 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಪ್ರಕಟಿಸಿದರು. ‘ಶೇಕಿ’ ಎಂಬ ರೋಬೋಟನ್ನು ನಡೆಸುವ ಕೆಲಸದಲ್ಲಿ ಹುಟ್ಟಿದ ಆ ಲೆಕ್ಕ ಈಗ ಆಟಗಳಲ್ಲೆಲ್ಲ ಬಳಕೆಯಲ್ಲಿದೆ. ಆದರೂ ಹತ್ತು ರಾಜರ ನೂರಾರು ಸೈನಿಕರೆಂದರೆ ಹೊತ್ತು ಹಿಡಿಯುತ್ತದೆ.

ಆಟ ಮಾಡಿದವರ ಲೆಕ್ಕ ತಿದ್ದುವುದು ನಮ್ಮಿಂದಾಗದು. ನಮ್ಮ ಕೈಯಲ್ಲಿದ್ದದ್ದನ್ನು ಒಂದೊಂದಾಗಿ ಮಾಡಿ ಪ್ರತಿ ಸಲ ಗಡಿಯಾರ ನೋಡಿದೆವು. ಎದುರಾಳಿಗಳ ಸೈನಿಕರು ನಡೆಯುವುದನ್ನೂ ಕತ್ತಿ ಬೀಸುವುದನ್ನೂ ತೋರಿಸದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ್ದೇ 48 ಇದ್ದದ್ದು 29ಕ್ಕೆ ಇಳಿಯಿತು! ಅಷ್ಟು ಹೊತ್ತು ಯಂತ್ರ ಯೋಚಿಸುತ್ತಿದ್ದದ್ದಲ್ಲ, ನಾಟಕ ತೋರಿಸುತ್ತಿದ್ದದ್ದು. ಆಮೇಲೆ ಲ್ಯಾಪ್‌ಟಾಪಿನ ಕೆಳಗಿದ್ದ ದಿಂಬು ತೆಗೆದೆ. ಮೇ ತಿಂಗಳ ಸೆಕೆಯಲ್ಲಿ ಅದರ ಗಾಳಿಯ ಕಂಡಿ ಮುಚ್ಚಿದರೆ ಬಿಸಿ ತಾಳಲಾರದೆ ಅದು ತಾನಾಗಿ ನಿಧಾನ ಮಾಡುತ್ತದೆ. ಎರಡು ಮರದ ತುಂಡಿನ ಮೇಲಿಟ್ಟು ಚಾರ್ಜರ್ ಸಿಕ್ಕಿಸಿದಾಗ 24. ಪ್ರತಿ ಸರದಿಗೂ ಆಟವನ್ನು ಉಳಿಸಿಡುವುದನ್ನು ಹತ್ತು ಸರದಿಗೊಮ್ಮೆ ಮಾಡಿದಾಗ 21. ಪೂರ್ತಿ ನಿಲ್ಲಿಸೋಣ ಎಂದ ಹುಡುಗ. ಬ್ಯಾಟರಿ ಹಳತು, ನಮ್ಮೂರಿನ ಕರೆಂಟಿನ ಗುಣ ಅವನಿಗೆ ಗೊತ್ತಿಲ್ಲ, ನಾನು ಒಪ್ಪಲಿಲ್ಲ.

ಆ ಆಟ ಮುಗಿಸಿ ಹೊಸದು ಶುರುಮಾಡುವಾಗ ನಕ್ಷೆ ಸಣ್ಣದು ಮಾಡಿ ರಾಜರನ್ನು ನಾಲ್ಕಕ್ಕೆ ಇಳಿಸಿದೆವು. ಇನ್ನೂರನೇ ಸರದಿಯಲ್ಲೂ ಒಂಬತ್ತು ಸೆಕೆಂಡು ದಾಟಲಿಲ್ಲ. ಮೊಬೈಲು ಕಿಟಕಿಯ ದಂಡೆಯಲ್ಲಿ ಬೋರಲು ಬಿದ್ದಿತ್ತು.

ಆಗ ಹೊಸ ತಕರಾರು ಎದ್ದಿತು. “ಅಜ್ಜ, ಈಗ ಕಂಪ್ಯೂಟರಿಗಿಂತ ನೀವೇ ಲೇಟು!” ನನ್ನ ಸರದಿಗೆ ಏಳು ನಿಮಿಷ ತಕ್ಕೊಂಡೆನಂತೆ. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ಚದುರಂಗ ಪಂದ್ಯಾವಳಿ ನಡೆದಾಗ ನಡೆಗೆ ಕಾಲಮಿತಿಯೇ ಇರಲಿಲ್ಲ, ಜೋಡಿ ಗಡಿಯಾರ ಬಂದದ್ದು 1883ರಲ್ಲಿ, ಅದೂ ಅದೇ ಊರಿನ ಪಂದ್ಯದಲ್ಲಿ ಎಂದು ಹೇಳಿ ನೋಡಿದೆ. “ಹಾಗಾದ್ರೆ ನಮಗೂ ಗಡಿಯಾರ ಇಡೋಣ” ಎಂದುಬಿಟ್ಟ. ಚೌಕಾಶಿ ಮಾಡಿ ಮೂರು ನಿಮಿಷಕ್ಕೆ ನಿಲ್ಲಿಸಿದೆ. “ಹ್ವಾಯ್, ಗಂಜಿ ತಣ್ದ್ ಹೋಯ್ತ್ ಕಾಣಿ” ಎಂದು ಒಳಗಿನಿಂದ ಕರೆದದ್ದಕ್ಕೆ ಮಾತ್ರ ಗಡಿಯಾರ ನಿಲ್ಲಿಸುವ ರಿಯಾಯಿತಿ ಸಿಕ್ಕಿತು.

ಅವನು ಬೆಂಗಳೂರಿಗೆ ಹೋಗುವ ಮೊದಲು ನನ್ನ ಮೊಬೈಲಿಗೆ ಚದುರಂಗ ಹಾಕಿಕೊಟ್ಟಿದ್ದಾನೆ. ನಾನೊಂದು ನಡೆ ಇಲ್ಲಿಂದ, ಅವನೊಂದು ಅಲ್ಲಿಂದ. ಶಾಲೆ, ಟ್ಯೂಷನ್ ಎಲ್ಲ ಮುಗಿದ ಮೇಲೆ ಆಡುವುದರಿಂದ ನಡೆಗೆ ಒಂದೊಂದು ದಿನ ಬೇಕು. ಹಿಂದೆ ಅಂಚೆ ಕಾರ್ಡಿನಲ್ಲಿ ಚದುರಂಗ ಆಡುವವರಿದ್ದರು. ಅವರಿಗೆ ಹೋಲಿಸಿದರೆ ಇದು ವಿಮಾನ. ನಿನ್ನೆ ರಾತ್ರಿ ನನ್ನ ಕುದುರೆ ಅವನ ಮಂತ್ರಿಯ ಎದುರು ಬಂದು ನಿಂತಿದೆ. ಇವತ್ತು ಅವನಿಗೆ ಗಣಿತದ ಪರೀಕ್ಷೆ ಇದೆಯಂತೆ, ಉತ್ತರ ನಾಳೆ ಬರಬಹುದು.