ಇಸ್ತಾಂಬೂಲಿನ ಪೇಟೆಯೂ ಒಂದು ಹಳೆಯ ನಾಣ್ಯವೂ

ಇಸ್ತಾಂಬೂಲನ್ನು ನೋಡಹೋದವರು ಅಲ್ಲಿಯ ಮುಚ್ಚುಪೇಟೆಯನ್ನು ಹೊಕ್ಕೇ ಬರುವರು. ೧೪೫೩ರಲ್ಲಿ ಆ ನಗರವನ್ನು ಗೆದ್ದ ಸುಲ್ತಾನ ಎರಡನೆಯ ಮೆಹಮದನು ಕೆಲವೇ ವರುಷಗಳಲ್ಲಿ ಕಟ್ಟಿಸತೊಡಗಿದ ಪೇಟೆಯಿದು. ಈಗ ಅರುವತ್ತು ಕಮಾನುಬೀದಿಗಳೂ ಸಾವಿರಾರು ಅಂಗಡಿಗಳೂ ಅದರಲ್ಲಿವೆ. ರತ್ನಗಂಬಳಿ, ದೀಪ, ಚಿನ್ನದೊಡವೆಗಳ ಬೀದಿಗಳನ್ನು ನಾವು ಬೇಗನೆ ದಾಟಿದೆವು. ನಡುವೆ ದಪ್ಪಗೋಡೆಗಳ, ಸಾಲುಗುಮ್ಮಟಗಳ ಬೆದೆಸ್ತೆನ್ ಎಂಬ ಕಟ್ಟಡವುಂಟು. ಹಳೆಯ ಸಾಮಾನುಗಳ ವರ್ತಕರು ಕುಳಿತಿರುವುದು ಅಲ್ಲಿಯೇ. ನಮಗೆ ಕೆಲಸವಿದ್ದುದೂ ಅವರಲ್ಲಿಯೇ.

ಮೈಸೂರಿನ ವೃದ್ಧ ಮಹನೀಯರೊಬ್ಬರು ತಮ್ಮ ಮನೆಯ ನಾಣ್ಯವೊಂದರ ಎರಡು ಮುಖಗಳನ್ನೂ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಉಜ್ಜಿ ತೆಗೆದು ನಮಗೆ ಕೊಟ್ಟಿದ್ದರು. ಅವರ ತಂದೆಯವರು ಮೈಸೂರು ಲ್ಯಾನ್ಸರ್ಸ್ ಕುದುರೆದಂಡಿನಲ್ಲಿದ್ದು, ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ತುರ್ಕಿಯವರಿಂದ ಹಿಡಿದ ಕಾಳಗದಿಂದ ಅದನ್ನು ತಂದರೆಂದು ಮನೆಯ ಮಾತು. ಮೊಮ್ಮಕ್ಕಳಲ್ಲೊಬ್ಬನು ಹೇಗೋ ಅಂಕಿಗಳನ್ನು ಬಿಡಿಸಿ, “೧೩೨೭ ಎಂದಿದೆ, ಏಳುನೂರು ವರುಷದ್ದು, ಮಾರಿಬಿಡೋಣ” ಎಂದನಂತೆ. ಇನ್ನೊಬ್ಬನು, “ಅಷ್ಟು ಹಳೆಯದು ಸಿಪಾಯಿಯ ಜೇಬಿಗೆ ಬಂದೀತೆ? ಮುತ್ತಜ್ಜನ ಕಥೆಯೇ ಸುಳ್ಳು” ಎಂದನಂತೆ. ಮುದುಕರಿಗೆ ಮನಸ್ಸು ನೊಂದಿದ್ದುದು ಈ ಎರಡನೆಯ ಮಾತಿಗೆ.

ಇಂತಹ ನಾಣ್ಯಗಳು ನಮ್ಮ ವಾಚಕರ ಪೆಟ್ಟಿಗೆಗಳಲ್ಲಿಯೂ ಇರಬಹುದಾದುದರಿಂದ ಓದುವ ಬಗೆಯನ್ನು ತುಸು ವಿವರಿಸುವೆವು. ಅರಬ್ಬೀ ಬರಹವು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ಒಂದೆಂಬುದು ನೆಟ್ಟನೆಯ ಗೀಟು. ಎರಡು ಗೆರೆಗಳು ಕೆಳಗೆ ಕೂಡಿ ಮೇಲೆ ಅಗಲಿದ್ದರೆ ಏಳು. ಮೇಲೆ ಕೂಡಿ ಕೆಳಗೆ ಅಗಲಿದ್ದರೆ ಎಂಟು. ನಾಣ್ಯವನ್ನು ತಲೆಕೆಳಗಾಗಿ ಹಿಡಿದರೆ ಏಳು ಎಂಟಾಗುವುದು! ಕನ್ನಡಿಗರಿಗೆ ಎಲ್ಲಕ್ಕಿಂತ ತೊಡಕಿನದು ಐದು. ಅದು ನಮ್ಮ ಸೊನ್ನೆಯಂತೆಯೇ ದುಂಡಗಿರುವುದು. ಅವರ ಸೊನ್ನೆಯೋ ಬರಿಯ ಚುಕ್ಕೆ.

ಅಂಕಿಗಳು ತಿಳಿದರೂ ಶಕವು ತಿಳಿಯಬೇಕು. ಹಿಜರಿಯ ಚಾಂದ್ರವರುಷವು ನಮ್ಮ ಕ್ಯಾಲೆಂಡರಿನ ವರುಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದುದರಿಂದ ನೂರಕ್ಕೆ ಮೂರರಂತೆ ಕಳೆದು, ಉಳಿದುದಕ್ಕೆ ೬೨೨ ಕೂಡಿಸಿದರೆ ಕ್ರಿಸ್ತವರುಷವು ಹೆಚ್ಚುಕಡಮೆ ದೊರೆಯುವುದು. ೧೩೨೭ ಎಂದರೆ ೧೯೦೯.

ನಮ್ಮ ಕಾಗದವನ್ನು ನೋಡಿದ ಮುದಿ ವರ್ತಕನು ಇಷ್ಟಕ್ಕೇ ನಿಲ್ಲಲಿಲ್ಲ. ಬೇರೊಂದೆಡೆ ಒಂಟಿಯಾಗಿದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟನು. ೧೩೨೭ ನಾಣ್ಯವು ಅಚ್ಚಾದ ವರುಷವಲ್ಲ, ಸುಲ್ತಾನ ಐದನೆಯ ಮೆಹಮದನು ಪಟ್ಟಕ್ಕೆ ಬಂದ ವರುಷ; ಆ ಸಣ್ಣ ಎಂಟು ಅವನ ಆಳ್ವಿಕೆಯ ಎಂಟನೆಯ ವರುಷವನ್ನು ತಿಳಿಸುವುದು. ಪಟ್ಟದ ವರುಷವೇ ಮೊದಲನೆಯದಾದುದರಿಂದ ಏಳನ್ನು ಕೂಡಿಸಬೇಕು: ೧೩೩೪, ಎಂದರೆ ಕ್ರಿ.ಶ. ೧೯೧೬ರ ಸುಮಾರು. ಮಹಾಯುದ್ಧದ ನಡುವೆ ಅಚ್ಚಾದ ಕಾಸು!

ನಮ್ಮ ನಾಡಿನಲ್ಲಿಯೇ ಇದಕ್ಕಿಂತ ವಿಚಿತ್ರವಾದುದುಂಟೆಂದು ಅವನಿಗೆ ಹೇಳಿದೆವು. ಶ್ರೀರಂಗಪಟ್ಟಣದ ಟಂಕಸಾಲೆಯ ಆನೆಕಾಸುಗಳಲ್ಲಿ ಟಿಪ್ಪು ಸುಲ್ತಾನನು ತನ್ನ ಆಳ್ವಿಕೆಯ ನಡುವಿನಿಂದ ಶಕವನ್ನೇ ಬದಲಿಸಿ ಮೌಲೂದಿ ಎಣಿಕೆಯನ್ನು ತಂದನು; ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದನು. ೧೨೧೮ ಎಂಬುದು ಅಲ್ಲಿ ೮೧೨೧ ಎಂಬಂತೆ ಕಾಣುವುದು. ಹಿಜರಿಯ ಲೆಕ್ಕವನ್ನು ಅಲ್ಲಿ ಹಚ್ಚಿದರೆ ಫಲವಿಲ್ಲ. ವರ್ತಕನು ನಕ್ಕು ಇನ್ನೊಂದು ಲೋಟ ಚಹಾ ತರಿಸಿದನು. ಕೊಳ್ಳದವರಿಗೂ ಚಹಾ ಕೊಡುವುದು ಆ ಪೇಟೆಯ ಮರ್ಯಾದೆ. ಪ್ರಾಚೀನ ನಾಣ್ಯಗಳನ್ನು ಆ ದೇಶದಿಂದ ಹೊರಕ್ಕೆ ಒಯ್ಯುವುದು ಅಪರಾಧವಾದುದರಿಂದ ನಾವು ಏನನ್ನೂ ಕೊಳ್ಳಲಿಲ್ಲ.

ನಾಣ್ಯದ ಬೆಲೆಯನ್ನು ಕೇಳಿದಾಗ ಅವನು ಚಹಾದ ಎರಡು ಲೋಟಗಳನ್ನು ತೋರಿಸಿದನು. ಆ ರಾತ್ರಿಯೇ ಮೈಸೂರಿಗೆ ಬರೆದೆವು: ಅದು ಹೈಫಾದಲ್ಲಿಯೇ ದೊರಕಿತೆಂದು ನಾಣ್ಯವು ಹೇಳಲಾರದು, ಆದರೆ ೧೯೧೮ರಲ್ಲಿ ಆ ಸೀಮೆಯ ಸಿಪಾಯಿಯೊಬ್ಬನ ಕೈಗೆ ಬರಲು ಅದಕ್ಕೆ ವಯಸ್ಸು ಸರಿಯಾಗಿಯೇ ಇದೆ. ಮಾರಹೋದರೆ ಅಂಚೆಯ ಖರ್ಚೂ ಹುಟ್ಟದೆಂದು ಮೊದಲನೆಯ ಮೊಮ್ಮಗನಿಗೂ ಒಂದು ಸಾಲು ಸೇರಿಸಿದೆವು.