ಕೋವಿಯ ಮರ

ಕೋವಿ ಎಂದೊಡನೆ ಮನಸ್ಸು ನಳಿಗೆಯ ಕಡೆಗೆ, ಮದ್ದುಗುಂಡುಗಳ ಕಡೆಗೆ ಹೊರಳುವುದು ಸಹಜ. ಆದರೆ ಅದು ಮನುಷ್ಯನ ಮೈಗೆ ಒದಗುವುದು ಬಹುಮಟ್ಟಿಗೆ ಮರದ ಮೂಲಕವೇ. ಭುಜಕ್ಕೆ ಆನುವುದು, ಕೆನ್ನೆಗೆ ತಾಗುವುದು, ಅಂಗೈಯಲ್ಲಿ ಕೂರುವುದು ಎಲ್ಲವೂ ಮರ. ‘ಬಂದೂಕು’ ಅರಬ್ಬಿಯ ಬಳುವಳಿ; ‘ತುಪಾಕಿ’ ತುರ್ಕಿ ಮೂಲದ್ದು; ಕೊಡವರ ‘ತೋಕ್’ ಆ ತುಪಾಕಿಯೇ ಸವೆದು ಉಳಿದ ರೂಪವಿರಬೇಕು. ಶಬ್ದಗಳ ಈ ಪಯಣವನ್ನು ಬೆನ್ನಟ್ಟಿದ ವಿದ್ವಾಂಸರಿದ್ದಾರೆ. ಕೋವಿಯ ಮರವನ್ನು ಕುರಿತು ಯೋಚಿಸಿದವರು ವಿರಳ.

ಚೆನ್ನೈಯಲ್ಲಿ ನೆಲಸಿ ನಾಲ್ಕು ದಶಕ ಕಳೆದ ಕೊಡವ ಹಿರಿಯರೊಬ್ಬರ ಬಳಿ, ಅವರ ಅಜ್ಜ ತಮ್ಮ ಮೈಯಳತೆ ಕೊಟ್ಟು ಮಾಡಿಸಿದ ಬೇಟೆಯ ರೈಫಲ್ ಒಂದಿತ್ತು. ಅಜ್ಜ ಆರಡಿಗೆ ಮೀರಿದ ಆಳು. ಟ್ರಿಗರಿನಿಂದ ಹಿಡಿಯ ಹಿಂತುದಿಯವರೆಗೆ 14½ ಅಂಗುಲ. ರೈಫಲ್ ಈಗ ಹಿರಿಯರ ಮಗಳಿಗೆ ಸಲ್ಲಬೇಕಾಗಿತ್ತು. ಆಕೆಯ ಎತ್ತರ ಐದಡಿಯ ಮೇಲೆ ಎರಡಂಗುಲ. ಭುಜಕ್ಕೇರಿಸಿದರೆ ಬೆರಳು ಟ್ರಿಗರನ್ನು ಮುಟ್ಟಲು ಹೆಣಗುತ್ತಿತ್ತು, ಕುತ್ತಿಗೆ ಮುಂದಕ್ಕೆ ಚಾಚುತ್ತಿತ್ತು.

ಬೇಟೆಯ ಮಾತು ಇಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಬಾಗಿಲನ್ನು ಮುಚ್ಚಿತು. ಉಳಿದಿರುವುದು ಸೆಪ್ಟೆಂಬರಿನ ಕೈಲ್‌ಪೊಳ್ದ್: ಆಯುಧಗಳಿಗೆ ತೋಕ್‌ಪೂ ಮುಡಿಸಿ ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಹಬ್ಬ. ಕನ್ನಡದಲ್ಲಿ ಅಗ್ನಿಶಿಖೆ ಎನ್ನಿಸಿಕೊಳ್ಳುವ ಆ ಹೂವೇ ಸಂಗಂ ಕವಿಗಳ ಕಾಂದಳ್. ಇಂದು ತಮಿಳುನಾಡಿನ ರಾಜ್ಯಪುಷ್ಪ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಯೊಂದಿಗಿನ ಈ ನಂಟನ್ನು ಮನ್ನಿಸಿಯೇ 1861ರಲ್ಲಿ ಮಾರ್ಕ್ ಕಬ್ಬನ್ನನ ಆಡಳಿತ ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹಾಗೆಂದು ರೈಫಲ್ಲು ಯಾರ ಕೈಗಾದರೂ ಕೊಡಬಹುದಾದ ವಸ್ತುವಲ್ಲ. ಪರವಾನಗಿಯುಳ್ಳ ಕಮ್ಮಾರನಿಂದ ಕಬ್ಬಿಣವನ್ನು ಬಿಡಿಸಿ, ಅದನ್ನು ಬೀಗ ಹಾಕಿಟ್ಟು, ಮರವನ್ನು ಮಾತ್ರ ಆಸಾರಿಯ ಮುಂದಿಟ್ಟರು.

ಆಸಾರಿ ತಮಿಳರು, ಎಪ್ಪತ್ತರ ಅಂಚಿನವರು. ಮೊದಲ ದಿನ ಅವರು ಉಳಿ ಮುಟ್ಟಲೇ ಇಲ್ಲ. ಅಕ್ರೋಟಿನ ಮರದ ನಾರು ಎತ್ತ ಹರಿದಿದೆಯೆಂದು ಬೆಳಕಿಗೆ ಹಿಡಿದು ನೋಡಿದರು. ಮಣಿಕಟ್ಟಿನ ಬಳಿ, ಕಬ್ಬಿಣದ ಬಾಲ ಮುಗಿಯುವಲ್ಲಿ, ಕೂದಲೆಳೆಯ ಬಿರುಕೊಂದು ಕಂಡಿತು. ಅದಕ್ಕೆ ಕಾರಣವಿದೆ. ಗುಂಡು ಹಾರಿದಾಗಿನ ಹಿನ್ನೊದೆತವನ್ನು ತಾಳಬೇಕಾದದ್ದು ನಳಿಗೆಯ ಬುಡದಲ್ಲಿರುವ ದಪ್ಪ ಗಟ್ಟು. ಅದರ ಹಿಂದಿನ ಮರ ಎಣ್ಣೆ ಕುಡಿದು ಮೆತ್ತಗಾದರೆ ಒದೆತವೆಲ್ಲ ಬಾಲದ ತುದಿಗೆ ಬಂದು, ಆಪಿನಂತೆ ಮರವನ್ನು ಸೀಳುತ್ತದೆ. ಆಸಾರಿ ಬಿರುಕಿಗೆ ಅರಾಲ್ಡೈಟ್ ಇಳಿಸಿ ಹಿತ್ತಾಳೆಯ ಮೊಳೆಯಿಂದ ಬಿಗಿದರು. ಆಮೇಲೆ ಕಮ್ಮಾರನೂ ಮನೆಯವರೂ ಎದುರಿಗಿರುವಾಗ ಕಬ್ಬಿಣಕ್ಕೆ ದೀಪದ ಮಸಿ ಹಚ್ಚಿ ಮರದೊಳಗೆ ಕೂರಿಸಿ ಎತ್ತುವುದು, ಮಸಿ ಅಂಟಿದಲ್ಲಿ ಮಾತ್ರ ಕೆರೆಯುವುದು. ಅತಿಯಾಗಿ ಕೆರೆದರೆ ಮರಳಿ ಬರುವುದಿಲ್ಲವಾದ್ದರಿಂದ ಈ ಕೆಲಸವೇ ಒಂದು ವಾರ ಹಿಡಿಯಿತು.

ತೊಡಕು ಎದ್ದದ್ದು ಹಿಂತುದಿಯಲ್ಲಿ. ಮಗಳ ತೋಳಿಗೆ 13½ ಅಂಗುಲ ಸರಿಹೋಗುತ್ತಿತ್ತು; ಅರ್ಧ ಅಂಗುಲದ ರಬ್ಬರ್ ಪಟ್ಟಿ ಕೂಡಿಸಬೇಕಾದ್ದರಿಂದ ಮರದಲ್ಲಿ ಒಂದೂವರೆ ಅಂಗುಲ ಹೋಗಬೇಕು. ಆ ಒಂದೂವರೆ ಅಂಗುಲದಲ್ಲಿಯೇ ಅಜ್ಜ ಬಡಿದ ಏಳು ಬೆಳ್ಳಿಯ ಮೊಳೆಗಳಿದ್ದವು. ಒಂದೊಂದೂ ಒಂದೊಂದು ಹುಲಿಯ ಲೆಕ್ಕ. ಅವುಗಳನ್ನು ಕಿತ್ತು ಮುಂದಕ್ಕೆ ನೆಡಬೇಕೆಂದು ಹಿರಿಯರ ಅಪೇಕ್ಷೆ.

“ಬೇಡ ಅಪ್ಪ. ಅವು ಅಜ್ಜನ ಹುಲಿಗಳು, ನನ್ನ ಭುಜದ ಮೇಲೆ ಯಾಕೆ?” ಎಂದಳು ಮಗಳು.

ಹಿರಿಯರು ಎರಡು ದಿನ ಮಾತಾಡಲಿಲ್ಲ. ಮೊಳೆ ಕಿತ್ತರೆ ಮನೆತನದ ಚರಿತ್ರೆಯನ್ನೇ ತಿದ್ದಿದಂತೆ ಎಂಬುದು ಅವರ ಅಳಲು. ನೆಟ್ಟರೂ ತಿದ್ದಿದಂತೆಯೇ ಎಂಬುದು ಮಗಳ ವಾದ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ಜಗಳ ಹೊಸದಲ್ಲ. 1894ರ ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಇದೇ ಊರಿನ ವಿಶ್ವವಿದ್ಯಾಲಯ 1968ರಿಂದ 71ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಾಗಲೂ ಏನನ್ನು ಉಳಿಸಬೇಕು, ಏನನ್ನು ಸೇರಿಸಬೇಕೆಂಬ ಪ್ರಶ್ನೆ ಎದುರಾಗದೆ ಇದ್ದಿರಲಾರದು. ಮಗಳ ವಾದದಲ್ಲಿಯೇ ಹೆಚ್ಚು ಸತ್ವವಿದೆ: ಕಡಿದ ತುಂಡು ಕಡಿದದ್ದೆಂದೇ ತೋರಲಿ, ಆದರೆ ಮೂಲದ ಮೊಳೆ ಮೂಲದ ಮರದಲ್ಲಿಯೇ ಇರಲಿ.

ಕೊನೆಗೆ ಮೊಳೆಗಳಿಗೆ ತಾಗದಂತೆ ಗೆರೆ ಎಳೆದು, ಹಿಂತುದಿಯ ಓರೆಯನ್ನು ಹಾಗೆಯೇ ಕಾಯ್ದುಕೊಂಡು, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದರು. ಓರೆ ತಪ್ಪಿದರೆ ರೈಫಲ್ಲು ಭುಜದಿಂದ ಜಾರುತ್ತದೆ. ಕೆನ್ನೆಯಾನುವ ಏಣನ್ನು ಒಂದೆಳೆ ತಗ್ಗಿಸಿದರು. ಬರಿಯ ಮರವನ್ನು ಆಕೆ ಕಣ್ಣು ಮುಚ್ಚಿ ಭುಜಕ್ಕೇರಿಸುವುದು, ಕಣ್ಣು ತೆರೆದಾಗ ನೋಟ ನಟ್ಟನಡುವೆ ನಿಲ್ಲುವುದೋ ಎಂದು ಆಸಾರಿ ಎದುರಿನಿಂದ ಪರೀಕ್ಷಿಸುವುದು. ಹೀಗೆ ಹತ್ತಾರು ಸಲ. ಸವೆದ ಚೌಕುಳಿ ಗೆರೆಗಳನ್ನು ಹಳೆಯ ಜಾಡಿನಲ್ಲಿಯೇ ಮತ್ತೆ ಕೆತ್ತಿದರು.

ಮೆರುಗಿನ ಕೆಲಸ ಚೆನ್ನೈಯ ಹವೆಯಲ್ಲಿ ಸುಲಭವಲ್ಲ. ಮರವನ್ನು ಒದ್ದೆ ಮಾಡಿ ಒಣಗಿಸಿ, ಎದ್ದ ನಾರನ್ನು ಉಪ್ಪುಕಾಗದದಿಂದ ಉಜ್ಜುವುದು (ಆಸಾರಿಯ ಬಾಯಲ್ಲಿ ಅದು ‘ಉಪ್ಪುತ್ತಾಳ್’), ಆಮೇಲೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತೀಡುವುದು. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ. ಆಗ ಶಾಖ ಹುಟ್ಟುವುದರಿಂದ ಎಣ್ಣೆಯ ಬಟ್ಟೆಯನ್ನು ಮುದ್ದೆಗಟ್ಟಿ ಎಸೆದರೆ ತಾನೇ ಹೊತ್ತಿಕೊಳ್ಳಬಹುದು. ಆಸಾರಿ ಅದನ್ನು ಹರಡಿ ಒಣಗಿಸುತ್ತಿದ್ದರು. ಹೊಸದಾಗಿ ಕೊಯ್ದ ತುದಿಗೆ ಎಣ್ಣೆಯನ್ನು ಹೆಚ್ಚಾಗಿಯೇ ಕುಡಿಸಿದರು. ಕಡಲ ತೇವ ಮರದೊಳಕ್ಕೆ ನುಗ್ಗುವುದು ಅಲ್ಲಿಂದಲೇ.

ಬೆಳ್ಳಿಯ ಮೊಳೆಗಳ ತುಂಡನ್ನು ಅವರು ದಿನಪತ್ರಿಕೆಯಲ್ಲಿ ಸುತ್ತಿ ಹಿರಿಯರ ಕೈಗಿತ್ತರು. ಆ ವರ್ಷದ ಕೈಲ್‌ಪೊಳ್ದಿಗೆ ಅದು ಕೊಡಗಿನ ಐನ್‌ಮನೆಗೆ ಹೋಯಿತು. ರೈಫಲ್ಲಿಗೆ ಮುಡಿಸಿದ ತೋಕ್‌ಪೂವಿನಲ್ಲಿ ಒಂದನ್ನು ಅದರ ಮೇಲೂ ಇಟ್ಟರು. ಮಗಳು ಹೊಡೆದ ಮೊದಲ ಗುಂಡು ತೆಂಗಿನಕಾಯಿಗೆ ತಾಗಲಿಲ್ಲ, ಎರಡನೆಯದು ತಾಗಿತು.